ಐನೂರನೆಯದು ಐನೂರಲ್ಲ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಕಡತದ ಕೋಣೆಯಲ್ಲಿ ಬೆಳಕಿಗಿನ್ನೂ ನಿದ್ದೆಗಣ್ಣು. ಕಿಟಕಿಯ ಹತ್ತಿರ ತೇಲುವ ಧೂಳು ಕೆಳಗಿಳಿಯುವುದನ್ನೇ ಮರೆತಿದೆ. ಎಲ್ಲರೂ ‘ಕಡತದಕ್ಕ’ ಎನ್ನುವ ಹೆಂಗಸು ಕಪಾಟುಗಳ ನಡುವೆ ಕಣ್ಣು ಮುಚ್ಚಿ ನಿಂತಿದ್ದಾರೆ. ತೂಕಡಿಸುತ್ತಿಲ್ಲ, ಎಣಿಸುತ್ತಿದ್ದಾರೆ.

ಬಾಗಿಲಲ್ಲಿ ರೋಗಿಯೊಬ್ಬರ ಮಗಳು. ತಾಯಿಗೆ ಒಂಬತ್ತಕ್ಕೆ ಶಸ್ತ್ರಚಿಕಿತ್ಸೆ. ಹಿಂದೊಮ್ಮೆ ಅರಿವಳಿಕೆ ಮದ್ದು ಒಗ್ಗದೆ ಅವರ ಜೀವ ಹೋಗಿ ಬಂದಿತ್ತು. ಯಾವ ಮದ್ದು ಎಂಬುದು ಇರುವುದು ಹಳೆಯ ಕಡತದಲ್ಲಿ ಮಾತ್ರ. ಮಗಳ ಕೈಯ ಚೀಟಿಯಲ್ಲಿ ‘500’ ಎಂದಷ್ಟೇ ಇದೆ. ವಾರ್ಡಿನವರು 500ನೇ ನಂಬರಿನ ಕಡತ ತೆಗೆಸಿದರೆ, ಅದು ಕಾಲು ಮುರಿದ ಗಂಡಸಿನದು.

“ನಿಮ್ಮಮ್ಮನಿಗೆ ಮೀಸೆ ಇದೆಯೇನಮ್ಮ?” ಎನ್ನುತ್ತಾರೆ ಕಡತದಕ್ಕ. ಅಳುತ್ತಿದ್ದವಳಿಗೆ ನಗು ಬರುತ್ತದೆ. “ಇದು ನಂಬರಲ್ಲ. ಸಾಲಲ್ಲಿ ಎಷ್ಟನೇದು ಅಂತ. ಹಳೇ ಗುಮಾಸ್ತರು ಹಾಗೇ ಬರೀತಿದ್ರು.”

ಆ ಗುಮಾಸ್ತರು ಸಾವಿರ ಕಡತಗಳನ್ನು ನಿಘಂಟಿನ ಪದಗಳಂತೆ ಜೋಡಿಸಿ ನಿವೃತ್ತರಾದರು. ಇಲ್ಲಿ ಒಂದರ ಪಕ್ಕ ಎರಡಿಲ್ಲ. 1, 10, 100, 1000, ಆಮೇಲೆ 101. ಒಂದರಿಂದ ಶುರುವಾಗುವುದೆಲ್ಲ ಮುಗಿದ ಮೇಲೇ ಎರಡು. ಈ ಗುಟ್ಟು ಹಿಡಿದದ್ದು ಏಳನೇ ಇಯತ್ತೆ ಓದಿ ಕಸ ಗುಡಿಸಲು ಸೇರಿದ್ದ ಇವರೊಬ್ಬರೇ. “ಪೊರಕೆ ಹಿಡಿಯೋಳಿಗೆ ಲೆಕ್ಕ ಯಾಕೆ ಅಂತ ಆಡ್ಕೊಂಡ್ರು. ಈಗ ದಿನಕ್ಕೆ ನಲವತ್ತು ಸಲ ಅಕ್ಕಾ ಅಕ್ಕಾ ಅಂತಾರೆ.”

“ಒಂದೊಂದೇ ಎಣಿಸಿದ್ರೆ ಸಿಗಲ್ವಾ ಅಕ್ಕ?” ಮಗಳಿಗೆ ಅವಸರ.

“ಅರವತ್ತು ಕಡತ ಮೇಲೆ ವಾರ್ಡಲ್ಲಿವೆ. ಹೊರಗೆ ಹೋದೋರೂ ಮನೆಯವರೇ ತಾನೇ? ಅವರನ್ನೂ ಸೇರಿಸ್ಬೇಕು.” ಕಣ್ಣು ಮುಚ್ಚಿಯೇ ಬೆರಳು ಮಡಿಸುತ್ತಾರೆ. “ಒಂದರ ಮನೇಲಿ ನೂರಾ ಹನ್ನೆರಡು ಜನ, ಸಾವಿರ ಅನ್ನೋ ಮರಿಮಗನೂ ಸೇರಿ. ಮಿಕ್ಕ ಮನೆಗಳಲ್ಲಿ ನೂರಾ ಹನ್ನೊಂದು. ನಾಲ್ಕು ಮನೆ ದಾಟಿದ್ರೆ ನಾನೂರ ನಲವತ್ತೈದು. ಐದರ ಮನೇಲಿ ಐವತ್ತೈದನೆಯೋರು ಬೇಕು. ಯಜಮಾನ ಐದು ಒಬ್ಬ. ಐವತ್ತರಿಂದ ಐವತ್ಮೂರರವರೆಗೆ ನಾಲ್ಕು ಕೋಣೆ, ಕೋಣೆಗೆ ಹನ್ನೊಂದು ಜನ. ಉಳಿದದ್ದು ಹತ್ತು. ಐವತ್ನಾಲ್ಕು ಮೊದಲನೇದು, ಐನೂರ ನಲವತ್ತು ಎರಡನೇದು...”

ಕಣ್ಣು ಬಿಟ್ಟು ನೇರ ನಡೆದು 548 ಎಳೆಯುತ್ತಾರೆ. ಮೊದಲ ಹಾಳೆಯಲ್ಲಿ ತಾಯಿಯ ಹೆಸರು. ಕೆಳಗೆ ಕೆಂಪು ಶಾಯಿಯಲ್ಲಿ ಮದ್ದಿನ ಹೆಸರು. ಮಗಳು ಮೆಟ್ಟಿಲು ಹತ್ತಿ ಓಡುತ್ತಾಳೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಫೋನು: ಡಾಕ್ಟರು ಮದ್ದು ಬದಲಿಸಿದ್ದಾರೆ.

ಕಡತದಕ್ಕ ಖಾಲಿಯಾದ ಜಾಗದಲ್ಲಿ ಗುರುತಿನ ರಟ್ಟು ಸಿಕ್ಕಿಸಿ ಪೊರಕೆ ಎತ್ತಿಕೊಳ್ಳುತ್ತಾರೆ. ಮೂರು ತಿಂಗಳಿಗೆ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಇಷ್ಟೇ:

“ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ‘ಗುಡಿಸುವವಳು’ ಅಂತಿದೆ. ಹೋಗೋ ಮುಂಚೆ ಒಂದು ದಿನ ‘ಹುಡುಕುವವಳು’ ಅಂತ ಬರೀಲಿ. ಒಂದೇ ದಿನ ಸಾಕು.”