ಸೀಟಿನಲ್ಲಿ ಬಿಟ್ಟ ಜಾಗ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವುದೋ ಕಾಲದಲ್ಲಿ ಹೊಲಿಗೆ ಯಂತ್ರದ ದಪ್ಪ ಸೂಜಿ ಉಗುರನ್ನು ತೂರಿಕೊಂಡು ಇಳಿದಿತ್ತಂತೆ. ಆಮೇಲೆ ಅದು ಕೂಡಿಕೊಂಡು ಬೆಳೆಯಲೇ ಇಲ್ಲ. ಬೇರೆಯವರಾಗಿದ್ದರೆ ಊನ ಅಂದುಕೊಂಡು ಮುಚ್ಚಿಡುತ್ತಿದ್ದರು, ಇವರು ಅದನ್ನೇ ಕಸುಬಿಗೆ ಹಚ್ಚಿದ್ದರು. ಆ ಉಗುರನ್ನು ರೆಕ್ಸಿನ್ ಮೇಲೆ ಒತ್ತಿ ಎಳೆದರೆ ಜೋಡಿ ಗೆರೆ ಬೀಳುತ್ತಿತ್ತು. ಹೊರಗಿನ ಗೆರೆ ಕತ್ತರಿಗೆ, ಒಳಗಿನದು ಸೂಜಿಗೆ.

ತಿ. ನರಸೀಪುರದಲ್ಲಿ, ಸಂಗಮದ ಕಡೆ ಇಳಿಯುವ ರಸ್ತೆಯಲ್ಲಿ ಅವರದು ಬೈಕಿನ ಸೀಟು ಹೊಲಿಯುವ ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಮೇಲೊಂದು ತಗಡಿನ ಶೀಟು, ಒಂದು ಯಂತ್ರ, ಒಂದು ಸ್ಟೂಲು, ಮೂಲೆಯಲ್ಲಿ ಹಳೆಯ ಫೋಮಿನ ರಾಶಿ. ನಾನು ನಂಜನಗೂಡಿನಲ್ಲಿ ಸರ್ವೇಯರ್. ಟೇಪು ಹಿಡಿದು ಹೊಲ ಅಳೆಯುವುದೇ ಅನ್ನ. ಅಳತೆಯಿಲ್ಲದೆ ಯಾವ ಕೆಲಸವನ್ನಾದರೂ ಸರಿಯಾಗಿ ಮಾಡಬಹುದು ಅಂತ ಯಾರಾದರೂ ಹೇಳಿದರೆ ನಗುತ್ತಿದ್ದೆ. ಆ ನಗುವನ್ನು ನಿಲ್ಲಿಸಿದವರು ಇವರು.

ಇವರ ಅಂಗಡಿಯಲ್ಲಿ ಟೇಪೇ ಇರಲಿಲ್ಲ. ಗಿರಾಕಿ ಬಂದರೆ ಸೀಟಿಗೆ ಒಂದು ತೆಳು ಕಪ್ಪು ಬಟ್ಟೆ ಬಿಗಿದು, ಅದರ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಅಂಗೈಯಿಂದ ಒಂದೇ ಸಮ ಹರಡುತ್ತಿದ್ದರು. "ಸೋಸ್ಲೆ ತಂಕ ಓಗ್ಬನ್ನಿ" ಅನ್ನುತ್ತಿದ್ದರು. ಪಕ್ಕದ ಊರಾದ ಸೋಸಲೆಗೆ ಗಾಡಿಯಲ್ಲಿ ಹೋಗಿ ಬಂದ ಮೇಲೆ ಪುಡಿ ಎಲ್ಲಿ ಅಳಿಸಿದೆ, ಎಲ್ಲಿ ಉಳಿದಿದೆ ಅಂತ ಬಗ್ಗಿ ನೋಡುತ್ತಿದ್ದರು. ಅಷ್ಟೇ ಅವರ ಅಳತೆ. ಆ ರಸ್ತೆಯ ಟೀ ಅಂಗಡಿಯವರಿಗೆ ಬೆಳ್ಳಗಾದ ಪ್ಯಾಂಟಿನ ಹಿಂಭಾಗ ಕಂಡರೆ ಸಾಕು, ಇವನು ಎಲ್ಲಿಂದ ಎದ್ದು ಬಂದ ಅನ್ನುವುದು ಗೊತ್ತಾಗುತ್ತಿತ್ತು.

ಒಂದು ಸಲ ಮೈಸೂರಿನಿಂದ ದೊಡ್ಡ ಬೈಕಿನ ಯಜಮಾನರೊಬ್ಬರು ಬಂದಿದ್ದರು. ಸೊಂಟನೋವು, ಮೂರು ಸೀಟು ಬದಲಾಯಿಸಿದ್ದಾಯಿತು, ಗುಣವಿಲ್ಲ. ಸೋಸಲೆಗೆ ಹೋಗಿ ಬಂದರು. ಇವರು ಪುಡಿ ನೋಡಿ, ತಲೆ ಎತ್ತದೆ ಕೇಳಿದರು: "ಸಾ, ನಿಮ್ ಬಲಗಾಲು ಒಂಚೂರು ಗಿಡ್ಡ ಅಲ್ವಾ?"

ಆ ಮನುಷ್ಯ ಬೆಪ್ಪಾಗಿ ನಿಂತರು. ಹುಟ್ಟಿದಾಗಿನಿಂದ ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿರದ ಸಂಗತಿ ಅದು. ಇವರು ಬಲಗಡೆ ಒಂದು ಪದರ ಫೋಮು ತೆಗೆದು ಸೀಟು ಕೊಟ್ಟರು. ಆತ ಬೈಕು ಹತ್ತಿ ಹೋದ ಮೇಲೆ ನಾನು ಕದ್ದು ನೋಡುವವನ ಹಾಗೆ ಇವರ ಕೈಗಳನ್ನೇ ನೋಡುತ್ತಾ ಕೂತಿದ್ದೆ. ನನಗೆ ಆ ಹೊತ್ತು ಆಗಿದ್ದು ಬರೀ ಮೆಚ್ಚುಗೆಯಲ್ಲ, ಸ್ವಲ್ಪ ಹೆದರಿಕೆಯೂ ಆಯಿತು. ಇವರೆದುರು ಯಾವುದನ್ನೂ ಮುಚ್ಚಿಡಲಾಗುವುದಿಲ್ಲ ಅನ್ನಿಸಿತು.

ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು ನನ್ನ ನಾಯಿಗಾಗಿ. ಹುರುಳಿಕಾಳಿನ ಬಣ್ಣದವನಾದ್ದರಿಂದ ಅವನ ಹೆಸರೇ ಹುರುಳಿ. ಹುಲ್ಲಹಳ್ಳಿ ಕಡೆ ಅಳತೆಗೆ ಹೋದಾಗ ನಾಲೆಯ ಏರಿಯ ಮೇಲೆ ಸಿಕ್ಕಿದ್ದ ಮರಿ. ಬೆಳೆದ ಮೇಲೆ ಬೈಕು ಬಿಟ್ಟು ಇಳಿಯುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಮುಂಗಾಲೆರಡನ್ನೂ ನನ್ನ ಬೆನ್ನ ಹಿಂದೆ ಊರಿ, ಗದ್ದವನ್ನು ನನ್ನ ಭುಜದ ಮೇಲಿಡುತ್ತಿದ್ದ. ಅವನಿಗೆ ಬೀಳದ ಹಾಗೆ ಅಂಚು ಎತ್ತರಿಸಿದ, ನಡುವಿಗೆ ಪಟ್ಟಿ ಕಟ್ಟುವಂಥ ಒಂದು ಸೀಟು ಬೇಕಿತ್ತು. ಊರಲ್ಲೆಲ್ಲ ಕೇಳಿದೆ, ಎಲ್ಲರೂ ನಕ್ಕರು. ಇವರು ನಗಲಿಲ್ಲ. ಹುರುಳಿಯನ್ನು ಎತ್ತಿ ಪುಡಿಯ ಮೇಲೆ ಕೂರಿಸಿ, "ನೀನೂ ಓಗ್ಬಾರಪ್ಪ ಸೋಸ್ಲೆಗೆ" ಅಂದರು.

ಯಾಕೆ ನಗಲಿಲ್ಲ ಅನ್ನುವುದು ಅಲ್ಲೇ ಗೋಡೆಯ ಮೇಲಿತ್ತು. ಮಾಸಿದ ಒಂದು ಫೋಟೊ. ಸುತ್ತ ಹಿಮ, ನಡುವೆ ಹಳೆಯದೊಂದು ಸಣ್ಣ ಬೈಕು, ಪಕ್ಕದಲ್ಲಿ ಇವರು. ಹಿಂದಿನ ಸೀಟಿನಲ್ಲಿ ಗೋಣಿಚೀಲದ ಅಂಗಿ ತೊಟ್ಟ ಒಂದು ಕಪ್ಪು ನಾಯಿ. ಅದು ಕರಿಯ. ನರಸೀಪುರದಿಂದ ಲಡಾಖಿನ ತನಕ, ಹಾಲಿನ ಕ್ಯಾನು ಕಟ್ಟಿಕೊಂಡು ಊರೂರು ಸುತ್ತುವವರು ಓಡಿಸುತ್ತಾರಲ್ಲ, ಅಂಥ ಗಾಡಿಯಲ್ಲಿ, ಹೋಗುತ್ತ ಇಪ್ಪತ್ತಮೂರು ದಿನ, ಬರುತ್ತ ಇಪ್ಪತ್ತು. ರಾತ್ರಿಯಾದರೆ ಪೆಟ್ರೋಲ್ ಬಂಕು, ಇಲ್ಲವೇ ಗುರುದ್ವಾರ. ಪೇಟೆಯಲ್ಲಿ ಅರ್ಧ ಜನ ಇದನ್ನು ನಂಬುತ್ತಿರಲಿಲ್ಲ. ಇವರು ವಾದಕ್ಕೆ ಹೋಗುತ್ತಿರಲಿಲ್ಲ.

"ಅಷ್ಟು ದೂರ ಹೇಗೆ ಹೋದ್ರಿ?" ಅಂದೆ.

"ರಸ್ತೆ ಏನ್ ಮಾಡ್ತದೆ ಸಾ, ಅದರ್ ಪಾಡಿಗೆ ಬಿದ್ದಿರ್ತದೆ. ಓಡೋದು ಇಂಜಿನ್ ಕೆಲ್ಸ. ಸರ್ಯಾಗಿ ಕುಂತ್ಕಳೋದಷ್ಟೇ ನಮ್ ಕೆಲ್ಸ."

ಕರಿಯ ಮುದುಕನಾಗಿ ಸತ್ತು ಆರೇಳು ವರ್ಷವಾಗಿದ್ದರೂ ಆ ಬೈಕಿನ ಹಿಂದೆ ಅವನ ಹಸಿರು ರೆಕ್ಸಿನ್ನಿನ ಸೀಟು ಹಾಗೆಯೇ ಇತ್ತು. ಯಾರನ್ನೂ ಅದರ ಮೇಲೆ ಕೂರಿಸುತ್ತಿರಲಿಲ್ಲ. ಅವರ ಹೆಂಡತಿ ಮೂಗೂರಿನವರು, ತವರಿಗೆ ಹೊರಟರೆ ಬಸ್ಸಿಗೇ ಹೋಗಬೇಕು. "ನಂಗಿಂತ ಆ ನಾಯ್ಗೇ ಮರ್ವಾದೆ ಜಾಸ್ತಿ ಕಣಪ್ಪ. ಗಂಡ ಗಾಡೀಲಿ ಮುಂದೆ, ಎಂಡ್ತಿ ಬಸ್ನಲ್ಲಿ ಇಂದೆ" ಅಂತ ಆಕೆ ನನ್ನೆದುರೇ ದೂರುತ್ತಿದ್ದರು. ಇವರು ಹಲ್ಲಲ್ಲಿ ದಾರ ಕಚ್ಚಿಕೊಂಡು ಕೇಳಿಸದವರ ಹಾಗಿರುತ್ತಿದ್ದರು.

ಹುರುಳಿಯನ್ನೂ ಹಿಮದ ತನಕ ಕರೆದುಕೊಂಡು ಹೋಗುತ್ತೇನೆ ಅಂತ ನಾನು ಮಾತು ಕೊಟ್ಟೆ. ನಾಯಿಗೆ ಮಾತು ಕೊಡುವುದೇನು ಅನ್ನಬೇಡಿ, ಕೊಟ್ಟೆ. ಎರಡು ವರ್ಷ ಸಿದ್ಧತೆ ಮಾಡಿದೆವು. ಎಲ್ಲೆಲ್ಲಿ ನೀರು ಸಿಗುತ್ತದೆ, ಯಾವ ಬಂಕಿನವರು ನಾಯಿ ಕಂಡರೆ ಬೈಯುತ್ತಾರೆ, ಎಲ್ಲವನ್ನೂ ಇವರು ಬಾಯಲ್ಲೇ ಹೇಳಿ ನನ್ನಿಂದ ಬರೆಸಿದರು. ರಜೆ ಮಂಜೂರಾಯಿತು. ಹೊರಡಲು ಹದಿನೈದು ದಿನವಿದ್ದಾಗ ಹುರುಳಿ ಊಟ ಬಿಟ್ಟ. ಉಣ್ಣೆಹುಳ ಕಚ್ಚಿ ಬಂದ ಜ್ವರ, ಅದು ಮೂತ್ರಪಿಂಡಕ್ಕೆ ಇಳಿದಿತ್ತು. ಮೈಸೂರಿಗೆ ಒಂಬತ್ತು ದಿನ ಓಡಾಡಿದೆ. ಹತ್ತನೆಯ ದಿನ ಬೆಳಗ್ಗೆ, ಬೈಕಿನ ಕೀಲಿಯ ಸದ್ದಿಗೆ ಒಮ್ಮೆ ಕಿವಿ ನಿಮಿರಿಸಿದ, ಅಷ್ಟೆ.

ರಜೆ ರದ್ದು ಮಾಡಿಸಿ ಕೆಲಸಕ್ಕೆ ಹೋದೆ. ಜನ "ಇನ್ನೊಂದು ಮರಿ ತನ್ನಿ ಸಾರ್" ಅಂದರು. ತಪ್ಪಲ್ಲ, ಅವರಿಗೆ ತೋಚಿದ ಸಮಾಧಾನ. ನನಗೆ ಮಾತ್ರ ಬೈಕು ಕಂಡರೆ ಸಿಟ್ಟು ಬರುತ್ತಿತ್ತು. ಮೂರು ತಿಂಗಳು ತಡೆದು ನರಸೀಪುರಕ್ಕೆ ಹೋದೆ. "ಈ ನಾಯಿ ಸೀಟು ಕಿತ್ತುಹಾಕಿ, ಮಾಮೂಲಿ ಸೀಟು ಹೊಲಿದುಕೊಡಿ. ಗಾಡಿ ಮಾರ್ತೀನಿ" ಅಂದೆ.

ಹುರುಳಿ ಯಾಕೆ ಬರಲಿಲ್ಲ ಅಂತ ಅವರು ಕೇಳಲಿಲ್ಲ. ನನ್ನ ಮುಖ ನೋಡಿ ಅರ್ಥವಾಗಿರಬೇಕು. ಸ್ಪ್ಯಾನರ್ ತಂದು ನಾಲ್ಕು ಬೋಲ್ಟು ಬಿಚ್ಚಿ, ಹುರುಳಿಯ ಸೀಟನ್ನು ತೆಗೆದು ಸ್ಟೂಲಿನ ಮೇಲಿಟ್ಟರು. ನೆಲಕ್ಕೆ ಇಡಲಿಲ್ಲ, ಅದನ್ನು ನಾನು ನೋಡಿದೆ. ಆಮೇಲೆ ಬೋಳು ಸೀಟಿಗೆ ಈ ತುದಿಯಿಂದ ಆ ತುದಿಯ ತನಕ ಬಟ್ಟೆ ಬಿಗಿದು ಪುಡಿ ಹರಡಿದರು.

"ಮಾರೋ ಗಾಡಿಗೆ ಇದೆಲ್ಲ ಯಾಕೆ?" ಅಂದೆ.

"ಸೋಸ್ಲೆ ತಂಕ ಓಗ್ಬನ್ನಿ ಸಾ."

ಹೋಗಿ ಬಂದೆ. ಅವರು ಬಗ್ಗಿ ನೋಡಿದರು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಆ ಸೀಳು ಉಗುರಿನಿಂದ ತೋರಿಸಿದರು. ಟ್ಯಾಂಕಿಗೆ ಅಂಟಿಕೊಂಡ ಹಾಗೆ ಮುಂದೆ ಒಂದಿಷ್ಟು ಜಾಗದಲ್ಲಿ ಮಾತ್ರ ಪುಡಿ ಅಳಿಸಿತ್ತು. ಅದರ ಹಿಂದೆ, ನನ್ನದೇ ಜಾಗದಲ್ಲಿ ಒಂದು ಗೇಣಿನಷ್ಟು, ಹರಡಿದ ಪುಡಿ ಹರಡಿದ ಹಾಗೇ ಬೆಳ್ಳಗೆ ಉಳಿದಿತ್ತು. ಹುರುಳಿ ಮುಂಗಾಲು ಊರುತ್ತಿದ್ದ ಜಾಗ ಅದು.

"ಅವ್ನು ಓಗಿ ಬಾಳ ದಿನಾಯ್ತು ಅನ್ಸ್ತದೆ. ನೀವಿನ್ನೂ ಜಾಗ ಬುಟ್ಕಂಡೇ ಕುಂತಿದೀರ" ಅಂದರು.

ಮೂರು ತಿಂಗಳಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ ನಾನು. ಆ ಬೀದಿಯಲ್ಲಿ, ಹಿಂಭಾಗ ಬೆಳ್ಳಗೆ ಮಾಡಿಕೊಂಡು ನಿಂತು, ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟೆ.  ರಸ್ತೆಯಲ್ಲಿ ಹೋಗುವವರಿಗೆ ನಾನು ಕಾಣದ ಹಾಗೆ ಅವರು ಅಡ್ಡ ನಿಂತುಕೊಂಡರು. ಅಳು ನಿಂತ ಮೇಲೆ ನೀರಿನ ಚೊಂಬು ಕೊಟ್ಟು, "ಎಂಟ್ ದಿನ ಬುಟ್ ಬನ್ನಿ" ಅಂದರು.

ಅವರಿಗೆ ಇನ್ನೊಂದು ಪದ್ಧತಿಯಿತ್ತು. ಹಳೆಯ ಸೀಟಿನ ಫೋಮನ್ನು ಎಸೆಯುತ್ತಿರಲಿಲ್ಲ. ಅದರಲ್ಲಿ ಒಂದು ಪದರ ಕೊಯ್ದು, ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸದರ ಅಡಿಗೆ ಸೇರಿಸುತ್ತಿದ್ದರು. "ಒಸಾ ಫೋಮಿಗೆ ಏನೂ ಗೊತ್ತಿರಕಿಲ್ಲ. ಅಳೇದು ಏಳ್ಕೊಡ್ತದೆ" ಅನ್ನುವುದು ಅವರ ವಾದ. ಎಂಟು ದಿನದ ಮೇಲೆ ಹೋದಾಗ ಸೀಟು ಸಿದ್ಧವಾಗಿತ್ತು. ಆ ಗೇಣು ಜಾಗ ಮುಗಿಯುವಲ್ಲಿ, ಬೆನ್ನು ಒರಗುವ ಹಾಗೆ, ಸ್ವಲ್ಪ ಉಬ್ಬಿತ್ತು.

"ನಿಮ್ ಹುರುಳೀದು ಒಳಗಾಕಿವ್ನಿ. ಇನ್ ಇಂದಕ್ಕೆ ಕುಂತ್ಕಳಿ. ಮಾರೋದಾದ್ರೆ ಹಿಮ ನೋಡ್ಕಬಂದು ಮಾರಿ."

ಕೂತೆ. ಬೆನ್ನಿಗೆ ಏನೋ ಆತುಕೊಂಡ ಹಾಗಾಯಿತು. ಮನೆಗೆ ಬಂದು ಟೇಪು ಹಿಡಿದು ಅಳೆದೆ, ಬುದ್ಧಿ ಎಲ್ಲಿ ಹೋಗುತ್ತೆ. ಎರಡು ಕಡೆಯೂ ಒಂದು ನೂಲಿನಷ್ಟೂ ಹೆಚ್ಚು ಕಡಿಮೆಯಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹೋದೆ. ಅವರು ಬರೆಸಿದ ಹಾಳೆ ಜೇಬಿನಲ್ಲಿತ್ತು. ಹತ್ತೊಂಬತ್ತನೆಯ ದಿನ, ಎರಡೂ ಕಡೆ ಹಿಮದ ಗೋಡೆ ನಿಂತಿದ್ದ ದಾರಿಯಲ್ಲಿ ಬೈಕು ನಿಲ್ಲಿಸಿದೆ. ಆಕಾಶ ಅಷ್ಟು ಹತ್ತಿರ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ. ಅಳೆಯುವ ಮನಸ್ಸೇ ಬರಲಿಲ್ಲ. ಇಳಿಯದೆ, ಹಿಂದಕ್ಕೆ ಒರಗಿ, "ನೋಡು ಕಣೋ" ಅಂದೆ.

ವಾಪಸ್ಸು ಬಂದು ಅಂಗಡಿಗೆ ಹೋದರೆ, ಅವರು ಹಿಮದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಸೊಂಟ ನೋವಾಯ್ತಾ?" ಅಂದರು. ಇಲ್ಲ ಅಂದೆ. "ಹಂಗಾರೆ ಸರಿ" ಅಂತ ಕೆಲಸಕ್ಕೆ ಕೂತರು. ಅದೇ ದಿನ ಸಂಜೆ ಇನ್ನೊಂದು ಸೋಜಿಗ ಕಂಡೆ. ಅವರು ತಮ್ಮ ಹಳೆಯ ಬೈಕಿನಲ್ಲಿ ಮೂಗೂರಿನ ಕಡೆ ಹೊರಟಿದ್ದರು. ಹಿಂದಿನ ಸೀಟಿನಲ್ಲಿ ಹೆಂಡತಿ, ಮಡಿಲಲ್ಲಿ ಬಾಳೆಹಣ್ಣಿನ ಚೀಲ, ಮುಖದಲ್ಲಿ ಗೆದ್ದವರ ಗತ್ತು. ಕರಿಯನ ಹಸಿರು ಸೀಟು ಅಲ್ಲಿರಲಿಲ್ಲ. ಆಕೆಯೇ ಹಟ ಹಿಡಿದು ತೆಗೆಸಿರಬೇಕು ಅಂದುಕೊಂಡೆ.

ಹೋದ ವರ್ಷ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಯಂತ್ರದ ಮುಂದೆ ಕೂತವರು ಹಾಗೇ ಒರಗಿದರಂತೆ. ನಾನು ಹುಲ್ಲಹಳ್ಳಿಯ ಹೊಲವೊಂದರಲ್ಲಿ ಕಲ್ಲು ನೆಡಿಸುತ್ತಿದ್ದೆ. ಟೇಪನ್ನು ಅಲ್ಲೇ ಬಿಟ್ಟು ಹೊರಟರೂ, ಸಂಗಮದ ದಡಕ್ಕೆ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಈಗ ಅಂಗಡಿ ಅವರ ಮಗಳದು. ಅಪ್ಪನಿಂದ ಕೆಲಸ ಕಲಿತ ಹುಡುಗಿ, ಮಾತು ಅಪ್ಪನಷ್ಟೇ ಕಡಿಮೆ. ಈ ಮಳೆಗಾಲದಲ್ಲಿ ನನ್ನ ಸೀಟಿನ ಹೊಲಿಗೆ ಬಿಟ್ಟಿತು, ನೀರು ಇಳಿಯತೊಡಗಿತು. ತೆಗೆದುಕೊಂಡು ಹೋದೆ. ಆಕೆ ರೆಕ್ಸಿನ್ ಬಿಚ್ಚಿ, ಫೋಮು ಸರಿಸಿ, ಹುರುಳಿಯ ಪದರವನ್ನು ಎತ್ತಿದಳು. ಅವನ ಕೂದಲು ಇನ್ನೂ ಅಲ್ಲಲ್ಲಿ ಸಿಕ್ಕಿಕೊಂಡಿತ್ತು. ಅದರ ಅಡಿಯಲ್ಲಿ ಇನ್ನೊಂದು ಪದರವಿತ್ತು. ಹಸಿರು ರೆಕ್ಸಿನ್.

ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ನಮ್ ಕರಿಯಂದು ಸಾ. ಇಲ್ಲಾಕವ್ರೆ ನೋಡಿ."

"ಯಾಕೆ?" ಅಂದೆ.

"ಎಲ್ಲಿಗಾಕ್ದೆ ಅಂತ ನಂಗೂ ಏಳಿರಲಿಲ್ಲ. ಅದ್ನ ಕೊಯ್ಯೋ ದಿನ ಊಟ ಮಾಡ್ಲಿಲ್ಲ ಅಪ್ಪ. ಅವ್ವ ಕೇಳುದ್ಕೆ ಇಷ್ಟೇ ಅಂದ್ರು, ಒಂದು ಮರಿ ದೂರ ಒಂಟದೆ, ಅದ್ಕೆ ದಾರಿ ಗೊತ್ತಿಲ್ಲ, ಕರಿಯಂಗೆ ಗೊತ್ತದೆ ಅಂತ."

ಅಷ್ಟು ವರ್ಷ ಹೆಂಡತಿಗೂ ಬಿಟ್ಟುಕೊಡದ ಜಾಗವನ್ನು ಆ ಮನುಷ್ಯ ನನ್ನ ನಾಯಿಗಾಗಿ ಕೊಯ್ದಿದ್ದರು. ಕೊಯ್ದು, ಕಾಣದ ಹಾಗೆ ಹೊಲಿದು, ಸೊಂಟ ನೋವಾಯ್ತಾ ಅಂತ ಕೇಳಿ ಸುಮ್ಮನಾಗಿದ್ದರು. ನಾನು ಹಿಮದಲ್ಲಿ ಒರಗಿ ಕೂತಾಗ ಬೆನ್ನ ಹಿಂದೆ ಇಬ್ಬರಿದ್ದರು.

"ಎರಡನ್ನೂ ವಾಪಸ್ ಹಾಕಮ್ಮ" ಅಂದೆ. ಆಮೇಲೆ ತಡೆಯಲಾಗದೆ ಕೇಳಿದೆ: "ನಿಮ್ಮಪ್ಪ ಕೂರ್ತಿದ್ದ ಸ್ಟೂಲಿನ ಮೆತ್ತೆಯಲ್ಲಿ ಒಂದು ಚೂರು ಕೊಡ್ತೀಯಾ?"

ಆಕೆ ಎದ್ದು ನಿಂತಳು. ತಾನು ಕೂತಿದ್ದ ಮೆತ್ತೆಯನ್ನೇ ಬಿಚ್ಚಿ, ಹೆಬ್ಬೆರಳಿನಿಂದ ಅದರ ಮೇಲೆ ಒಂದು ಗೆರೆ ಎಳೆದಳು. ಅವಳ ಉಗುರು ಸೀಳಿರಲಿಲ್ಲ. ಹಾಗಾಗಿ ಕೈ ಎತ್ತಿ, ಮೊದಲ ಗೆರೆಯ ಪಕ್ಕದಲ್ಲೇ ಇನ್ನೊಂದು ಎಳೆದಳು.

ಕೆಲಸ ಮುಗಿಸಿ, ಕಪ್ಪು ಬಟ್ಟೆ ಬಿಗಿದು, ಪುಡಿ ಹರಡಿ, "ಸೋಸ್ಲೆ ತಂಕ ಓಗ್ಬನ್ನಿ ಸಾ" ಅಂದಳು. ಹೋದೆ. ಸೋಸಲೆಯ ಬಸ್ ಸ್ಟಾಪಿನಲ್ಲಿ ಇಳಿದು ನಿಂತಾಗ, ಬಸ್ಸಿಗೆ ಕಾದಿದ್ದವರು ನನ್ನ ಬೆಳ್ಳಗಾದ ಹಿಂಭಾಗ ನೋಡಿ ನಕ್ಕರು. ನಾನು ಒರೆಸಿಕೊಳ್ಳಲಿಲ್ಲ.