ಪತಂಗದ ಅಳತೆ

ಬೇಗೂರಿನ ಭಾಗ್ಯಮ್ಮ ಕಣ್ಣಳತೆಯನ್ನು ನಂಬಿದವಳಲ್ಲ. ಹೂವಿನವಳು ಮೊಳ ಹಾಕುವಾಗ ಕೈ ಸ್ವಲ್ಪ ಮಡಚಿದರೂ ‘ಇನ್ನೊಂದ್ಸಲ ಹಾಕಮ್ಮ’ ಎನ್ನುವ ಹೆಂಗಸು. ಅದು ಅವಳ ತಪ್ಪೂ ಅಲ್ಲ ಬಿಡಿ. ಜಿಗಣಿಯ ಒಂದು ಮೆಷಿನ್ ಶಾಪಿನಲ್ಲಿ ಅರ್ಧ ಆಯುಸ್ಸು ಇನ್‌ಸ್ಪೆಕ್ಷನ್ ಟೇಬಲ್ಲಿನ ಹಿಂದೆ ಕೂತವಳು. ಲೇತಿನಿಂದ ಇಳಿದ ಪ್ರತಿ ಪೀಸನ್ನೂ ವರ್ನಿಯರ್ ಎಂಬ ಉಕ್ಕಿನ ಅಳತೆಗೋಲಿನ ಎರಡು ದವಡೆಗಳ ನಡುವೆ ಹಿಡಿದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸುತ್ತಿದ್ದಳು. ಗಂಡಸರು ಗೊಣಗುತ್ತಿದ್ದರು. ಆದರೆ ಭಾಗ್ಯಮ್ಮ ‘ಪಾಸ್’ ಅಂದಳೆಂದರೆ ಮುಗಿಯಿತು, ಮಾಲೀಕನೂ ಮರುಮಾತಾಡುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಅವಳ ಮೊದಲ ಕೆಲಸ ಒಂದೇ. ವರ್ನಿಯರಿನ ದವಡೆಗಳನ್ನು ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯುವುದು. ಸಂದಿನಲ್ಲಿ ಬೆಳಕು ತೂರದೆ, ಸೊನ್ನೆಗೆ ಸೊನ್ನೆ ಕೂತರೆ ಅಳತೆಗೋಲು ನಿಜ ಹೇಳುತ್ತದೆ ಎಂದರ್ಥ. ಅದನ್ನು ನೋಡದೆ ಅವಳು ಕಾಫಿ ಲೋಟಕ್ಕೂ ಕೈ ಹಾಕಿದವಳಲ್ಲ.

ಎರಡು ಸಾವಿರದ ಹನ್ನೆರಡರಲ್ಲಿ ಶಾಪು ಹೊಸೂರಿನ ಕಡೆಗೆ ಎತ್ತಂಗಡಿಯಾಯಿತು. ಅಷ್ಟು ದೂರ ಓಡಾಡಲಾರೆ ಎಂದು ಭಾಗ್ಯಮ್ಮ ಕೆಲಸ ಬಿಟ್ಟಳು. ಮಾಲೀಕ ಆ ವರ್ನಿಯರನ್ನೇ ಅವಳ ಕೈಗಿಟ್ಟು, ‘ಇದು ನಿನ್ನ ಕೈಗೆ ಒಗ್ಗಿಹೋಗಿದೆ, ಇಟ್ಕೊಳಮ್ಮ’ ಅಂದ. ಜೊತೆಗೆ ಒಂದು ಕಟ್ಟು ಖಾಲಿ ಚೀಟಿಗಳೂ ಬಂದವು. ಮನೆಯಲ್ಲಿ ಟೆಂಪೋ ಓಡಿಸುವ ಗಂಡ ನಲ್ಲಪ್ಪ, ಬಾಯಿ ಮುಚ್ಚದ ಅತ್ತೆ ಮುನಿಯಕ್ಕ. ಊರ ಹೊಲಗಳೆಲ್ಲ ಅಪಾರ್ಟ್‌ಮೆಂಟಾದ ಮೇಲೆ ಅವರಿಗೆ ಉಳಿದದ್ದು ಒಂದು ಹಿತ್ತಲು: ಕರಿಬೇವು, ನುಗ್ಗೆ, ಒಂದು ನಿಂಬೆ, ಬಚ್ಚಲ ಗೋಡೆಗೆ ಒರಗಿ ಬೆಳೆದ ನಂದಿಬಟ್ಟಲು. ಸುಮ್ಮನಿರಲಾರದ ಕೈಗೆ ಅಲ್ಲಿ ಅಳೆಯುವುದಕ್ಕೇನಿತ್ತು?

ಇತ್ತು. ರಾತ್ರಿಯಿಡೀ ಉರಿಯುವ ಬಚ್ಚಲ ಬಲ್ಬಿನ ಕೆಳಗೆ, ಸುಣ್ಣದ ಗೋಡೆಯ ಮೇಲೆ, ಬೆಳಗಾಗುವ ಹೊತ್ತಿಗೆ ಪತಂಗಗಳು ಕೂತಿರುತ್ತಿದ್ದವು. ಒಂದು ಬೂದಿ ಬಣ್ಣದ್ದು, ಒಂದು ಅರಿಶಿನದ್ದು, ಒಂದಕ್ಕೆ ರೇಷ್ಮೆ ಸೀರೆಯ ಅಂಚು. ಭಾಗ್ಯಮ್ಮ ಉಸಿರು ಬಿಗಿಹಿಡಿದು, ಮುಟ್ಟದೆ, ರೆಕ್ಕೆಯ ಬುಡದಿಂದ ತುದಿಗೆ ವರ್ನಿಯರ್ ಹಿಡಿದು ಅಳತೆಯನ್ನು ಚೀಟಿಯ ಮೇಲೆ ಬರೆಯತೊಡಗಿದಳು.

“ಕೆಲ್ಸ ಇಲ್ದಿರೋ ಆಚಾರಿ ಮಗೀನ ಕುಂಡಿ ಕೆತ್ತಿದ್ನಂತೆ,” ಎಂದಳು ಮುನಿಯಕ್ಕ. “ದೀಪದ ಉಳಕ್ಕೆ ಲಂಗ ಒಲಿಸ್ತೀಯೇನೇ, ಅಳತೆ ತಗಂತಿದ್ದೀಯ?”

ಆದರೆ ಹಿಂದಿನ ಅಪಾರ್ಟ್‌ಮೆಂಟಿನ ಸೌಮ್ಯಾ ನಗಲಿಲ್ಲ. ದಾವಣಗೆರೆ ಕಡೆಯವಳು, ಲಿಂಗಪೂಜೆಗೆ ನಂದಿಬಟ್ಟಲು ಹೂ ಕೇಳಿಕೊಂಡು ದಿನಾ ಬರುತ್ತಿದ್ದಳು. ಗೋಡೆ ನೋಡಿ ಹೂವನ್ನೇ ಮರೆತಳು. “ಅಯ್ಯೋ ಭಾಗ್ಯಮ್ಮಾರೇ, ಇದನ್ನ ದೇಶದ ತುಂಬಾ ಜನ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕ್ತಾರ್ರೀ. ನಾನು ಫೋಟೋ ಹೊಡೀತೀನಿ, ನೀವು ಅಳತೆ ಕೊಡಿ.” ಅಲ್ಲಿಗೆ ಇಬ್ಬರ ಜೋಡಿ ಕೂಡಿತು. ಸೌಮ್ಯಾ ಹೆಸರು ಹುಡುಕುವುದು, ಭಾಗ್ಯಮ್ಮ ಚೀಟಿ ಬರೆದು ಮೊಳೆಗೆ ಸಿಕ್ಕಿಸುವುದು.

ಮರುವರ್ಷ ಯುಗಾದಿಯ ಎಣ್ಣೆಸ್ನಾನದಲ್ಲಿ ಭಾಗ್ಯಮ್ಮನ ಕೈಗೆ ಎಡ ಎದೆಯಲ್ಲಿ, ಕಂಕುಳಿನ ಕಡೆಗೆ, ಒಂದು ಗಂಟು ಸಿಕ್ಕಿತು. ಬೇಯಿಸಿದ ಅವರೆಕಾಳಿನಷ್ಟು. ನೋವಿಲ್ಲ, ಉರಿಯಿಲ್ಲ. ಪೀಣ್ಯದಲ್ಲಿದ್ದ ಅವಳ ಅಕ್ಕ ಶಾಂತಕ್ಕನಿಗೂ ಹೀಗೇ ಆಗಿತ್ತು. ಆಸ್ಪತ್ರೆಗೆ ಹೋದಳು, ಕೊಯ್ದರು, ಶ್ರಾವಣ ಕಳೆಯುವಷ್ಟರಲ್ಲಿ ಹೋಗಿಬಿಟ್ಟಳು. ‘ಚಾಕು ತಾಗಿದ್ರೆ ಮೈಯೆಲ್ಲಾ ಹಬ್ಬುತ್ತೆ’ ಎಂದು ಆಗ ಬಂದವರೆಲ್ಲ ಅಂದದ್ದು ಭಾಗ್ಯಮ್ಮನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಯಾರಿಗೆ ಹೇಳುವುದು? ನಲ್ಲಪ್ಪ ಇಂಜೆಕ್ಷನ್ ಸೂಜಿ ಕಂಡರೇ ಬೆವರುವ ಮನುಷ್ಯ. ಅತ್ತೆಗೆ ಹೇಳಿದರೆ ಸಂಜೆಯೊಳಗೆ ಬೇಗೂರಿಗೆಲ್ಲ ಗೊತ್ತು.

ಆಗ ಅವಳಿಗೆ ಹೊಳೆದದ್ದು ಶಾಪಿನ ದಾರಿ. ಅಳೆಯೋಣ. ಬೆಳೆದರೆ ಡಾಕ್ಟರು, ಬೆಳೆಯದಿದ್ದರೆ ಪಾಸ್. ಸೋಮವಾರ ಸೋಮವಾರ ಪತಂಗದ ಕೆಲಸ ಮುಗಿಸಿ, ಬಚ್ಚಲ ಬಾಗಿಲು ಹಾಕಿಕೊಂಡು, ತಣ್ಣನೆಯ ಉಕ್ಕಿನ ದವಡೆಗಳನ್ನು ಎದೆಗೆ ಹಿಡಿಯುತ್ತಿದ್ದಳು. ಒಂದೂ ಚೀಟಿ ಬರೆಯಲಿಲ್ಲ. ಅಂಥ ಲೆಕ್ಕ ಮರೆಯುವುದುಂಟೇ! ಅಲ್ಲ, ಕೇಳುತ್ತೇನೆ, ಇಷ್ಟು ಬುದ್ಧಿಯಿರುವ ಹೆಂಗಸು ತನಗೆ ತಾನೇ ಇನ್‌ಸ್ಪೆಕ್ಟರಾಗಿ ಕೂತದ್ದು ಎಂಥ ಮೂರ್ಖತನ? ಆದರೆ ಹೆದರಿದವರ ಮೇಲೆ ಸಿಟ್ಟು ಮಾಡಿ ಏನು ಬಂತು. ಮಳೆಗಾಲದವರೆಗೂ ಅಳತೆ ಅಲುಗಲಿಲ್ಲ. ಅವಳು ಊಟ ಮಾಡುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು.

ಗೌರಿ ಹಬ್ಬ ಕಳೆದ ವಾರ ಅಳತೆ ಇಳಿಯಿತು! ಒಂದಲ್ಲ, ಎರಡು ಮಿಲಿಮೀಟರ್. ಭಾಗ್ಯಮ್ಮ ಬಚ್ಚಲಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಕರಗುತ್ತಿದೆ! ಅವತ್ತೇ ಊರ ನಾಗೇಶ್ವರನ ಗುಡಿಯಲ್ಲಿ ಕಾಯಿ ಒಡೆಸಿ ಬಂದು ಒಬ್ಬಟ್ಟು ಮಾಡಿದಳು. “ಏನ್ ವಿಸೇಸನೇ?” ಎಂದು ಮುನಿಯಕ್ಕ ಕೇಳಿದರೆ, “ತಿನ್ನಿ ಅತ್ತೆ ಸುಮ್ನೆ,” ಎಂದು ಇನ್ನೊಂದು ಬಡಿಸಿದಳು. ಆಮೇಲೆ ಅಳತೆ ಮತ್ತೆ ಚೂರುಚೂರೇ ಏರಿ ಮೊದಲಿನ ಜಾಗಕ್ಕೆ ಬಂದು ನಿಂತಿತು. ಹಳೆಯ ಅಳತೆಯೇ ತಾನೆ, ಹೆಚ್ಚಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ದೀಪಾವಳಿಯ ಮಾರನೆಯ ದಿನ ಸೌಮ್ಯಾ ಒಂದು ಪತಂಗ ಕೇಳಿಕೊಂಡು ಬಂದಳು. ಆಷಾಢದಲ್ಲಿ ನಂದಿಬಟ್ಟಲಿನ ಎಲೆಗೆ ಮೊಟ್ಟೆಯಿಟ್ಟು ಬುಡದಲ್ಲೇ ಸತ್ತುಬಿದ್ದಿದ್ದ ದೊಡ್ಡ ಹಸಿರು ಪತಂಗ ಅದು. ಪಾಚಿ ಹಸಿರಿನ ಮೇಲೆ ತಿಳಿಗುಲಾಬಿಯ ಅಲೆಗಳು. ಬಿಸಾಡಲು ಮನಸ್ಸಾಗದೆ ಭಾಗ್ಯಮ್ಮ ಅದನ್ನು ಅಳೆದು, ಚೀಟಿ ಕಟ್ಟಿ, ಸೌಮ್ಯಾ ಕೊಟ್ಟಿದ್ದ ಖಾಲಿ ವಿಭೂತಿ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿದ್ದಳು.

“ವರ್ನಿಯರ್ ಪಕ್ಕಕ್ಕಿಟ್ಟು ಒಂದು ಫೋಟೋ ಬೇಕ್ರೀ,” ಎಂದಳು ಸೌಮ್ಯಾ.

ಭಾಗ್ಯಮ್ಮ ರೆಕ್ಕೆಗೆ ದವಡೆ ಹಿಡಿದಳು. ಓದಿದಳು. ಚೀಟಿ ನೋಡಿದಳು. ಮತ್ತೆ ಹಿಡಿದಳು. ಚೀಟಿಗಿಂತ ಎರಡು ಮಿಲಿಮೀಟರ್ ಕಡಿಮೆ.

“ಒಣಗಿ ಕುಗ್ಗಿರ್ಬೇಕು ಬಿಡ್ರೀ.”

“ಹೊಟ್ಟೆ ಕುಗ್ಗುತ್ತೆ ಮೇಡಂ. ರೆಕ್ಕೇಲಿ ಕುಗ್ಗೋಕೆ ಏನಿದೆ?”

ಆಗ ಅವಳು ದವಡೆಗಳನ್ನು ಪೂರ್ತಿ ಮುಚ್ಚಿ, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಆಕಾಶಕ್ಕೆ ಹಿಡಿದಳು. ಶಾಪು ಬಿಟ್ಟ ದಿನವೇ ಅವಳು ಆ ಅಭ್ಯಾಸವನ್ನೂ ಬಿಟ್ಟಿದ್ದಳು. ಮನೆಯಲ್ಲಿ ಯಾರು ಮುಟ್ಟುತ್ತಾರೆ ಎಂಬ ನಂಬಿಕೆ. ಸೊನ್ನೆಗೆ ಸೊನ್ನೆ ಕೂತಿತ್ತು, ಆದರೆ ತುದಿಯಲ್ಲಿ ಒಂದು ದವಡೆ ಹೊರಕ್ಕೆ ಬಾಗಿ ಸಂದಿನಿಂದ ಬಿಸಿಲು ಸಲೀಸಾಗಿ ತೂರಿ ಬರುತ್ತಿತ್ತು. ಅಂದರೆ ಎರಡು ಮಿಲಿಮೀಟರ್ ಸಂದನ್ನೇ ಅದು ಸೊನ್ನೆ ಎನ್ನುತ್ತಿತ್ತು, ಎಲ್ಲವನ್ನೂ ಅಷ್ಟು ಕಡಿಮೆ ಹೇಳುತ್ತಿತ್ತು. ಪತಂಗವನ್ನೂ, ಅದನ್ನೂ. ಗಂಟು ಕರಗಿಯೇ ಇರಲಿಲ್ಲ. ಒಬ್ಬಟ್ಟು ತಿಂದ ದಿನವೂ ಇದ್ದಷ್ಟೇ ಇತ್ತು, ಆಮೇಲೆ ಬೆಳೆದಿತ್ತು.

“ಯಾರು ಮುಟ್ಟಿದ್ದು ಇದನ್ನ?” ಎಂದು ಅವಳು ಕಿರುಚಿದ್ದು ಬೀದಿಗೆ ಕೇಳಿಸಿತು.

ಮುನಿಯಕ್ಕ ಅಡುಗೆಮನೆಯಿಂದ ಬಂದಳು. “ಗೌರಿ ಅಬ್ಬದಾಗೆ ಬೆಲ್ಲದ ಡಬ್ಬಿ ಮುಚ್ಚಳ ಬರ್ಲಿಲ್ಲ ಕಣವ್ವ. ಕೈಗೆ ಅದೇ ಸಿಕ್ತು, ಮೀಟ್ದೆ. ಏನೀಗ? ಕಬ್ಣ ತಾನೆ?”

“ಕಬ್ಣ ಅಂತೆ ಕಬ್ಣ! ಹೇಳ್ಬಾರ್ದಿತ್ತಾ? ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?” ಭಾಗ್ಯಮ್ಮ ಕಲ್ಲಿನ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅಳತೊಡಗಿದಳು.

“ಅಲ್ವೇ, ಒಂದು ಡಬ್ಬಿ ಮುಚ್ಚಳಕ್ಕೆ ಇಂಗ್ ಅಳ್ತಾರೇನೇ?” ಮುನಿಯಕ್ಕ ಗಾಬರಿಯಾಗಿ ಹತ್ತಿರ ಬಂದಳು. ಭಾಗ್ಯಮ್ಮ ಬಾಯಲ್ಲಿ ಹೇಳಲಾರದೆ ಅತ್ತೆಯ ಕೈ ಹಿಡಿದು ಸೆರಗಿನೊಳಗೆ ಎಳೆದು ಆ ಜಾಗದ ಮೇಲೆ ಒತ್ತಿದಳು.

ಮುನಿಯಕ್ಕನ ಮಾತು ನಿಂತುಹೋಯಿತು. ಆ ಬಾಯಿ ನಿಂತದ್ದನ್ನು ಬೇಗೂರಿನಲ್ಲಿ ಯಾರೂ ಕಂಡಿರಲಿಲ್ಲ.

“ಯಾವಾಗಿಂದ?”

“ಯುಗಾದಿಯಿಂದ. ಕುಯ್ದ್ರೆ ಹಬ್ಬುತ್ತೆ ಅತ್ತೆ. ಶಾಂತಕ್ಕನ್ನ ನೋಡ್ಲಿಲ್ವಾ?”

“ನೋಡ್ದೆ ಕಣೇ! ನಾನೇ ಅವಳ್ ತಾವ ಕುಂತಿದ್ನಲ್ಲ ಆಸ್ಪತ್ರೇಲಿ,” ಎಂದು ಮುದುಕಿ ಗದರಿದಳು, ಕಣ್ಣಲ್ಲಿ ನೀರು. “ಎರಡು ವರ್ಸ ಮುಚ್ಚಿಕ್ಕಂಡಿದ್ದೆ ಮುನಿಯಕ್ಕಾ ಅಂತ ನನ್ ತಾವ ಯೇಳ್ಕಂಡು ಅತ್ತವಳೆ. ಕುಯ್ದಿದ್ದಕ್ಕೆ ಸತ್ಲಾ? ಬಚ್ಚಿಟ್ಟಿದ್ದಕ್ಕೆ ಸತ್ಲು! ಏಳು ಮ್ಯಾಕೆ. ಲೋ ನಲ್ಲಪ್ಪಾ, ಟೆಂಪೋ ತೆಗಿಯೋ!”

ನಲ್ಲಪ್ಪ ಬೆವರುತ್ತಲೇ ಗಾಡಿ ತೆಗೆದ. ಸೌಮ್ಯಾ ತನ್ನ ಪರಿಚಯದ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಸ್ಕ್ಯಾನ್ ಮಾಡಿದ ಹುಡುಗಿ ಗಂಟಿನ ಅಳತೆ ಓದಿದಾಗ ಭಾಗ್ಯಮ್ಮ ಮನಸ್ಸಿನಲ್ಲೇ ತನ್ನ ಅಳತೆಗೆ ಆ ಬೆಳಕಿನ ಸಂದನ್ನು ಕೂಡಿಸಿದಳು. ಸರಿಯಾಗಿ ಹೊಂದಿತು. ಸೂಜಿ ಹಾಕಿ ಪರೀಕ್ಷೆ ಮಾಡಿದ್ದೂ ಆಯಿತು, ಕೆಟ್ಟ ಗಂಟೇ ಎಂದು ಗೊತ್ತಾದದ್ದೂ ಆಯಿತು. “ಕಂಕುಳಿಗೆ ಇಳಿದಿಲ್ಲಮ್ಮ, ತೆಗೆದುಬಿಡೋಣ. ಆಮೇಲೂ ಟ್ರೀಟ್‌ಮೆಂಟ್ ಇರುತ್ತೆ, ಹೆದರ್ಬೇಡಿ,” ಎಂದರು ಡಾಕ್ಟರಮ್ಮ. “ಇನ್ನೊಂದು ವರ್ಷ ಬಿಟ್ಟು ಬಂದಿದ್ರೆ ಈ ಮಾತು ಹೇಳೋಕಾಗ್ತಿರಲಿಲ್ಲ.” ಭಾಗ್ಯಮ್ಮನಿಗೆ ಆಪರೇಷನ್ನಿನ ಹಿಂದಿನ ರಾತ್ರಿ ತುಂಬ ಭಯವಾಯಿತು. ನಲ್ಲಪ್ಪ ಅವಳ ಕಾಲು ಒತ್ತುತ್ತ ಬೆಳಗು ಮಾಡಿದ.

ಆಪರೇಷನ್ ಆಗಿ ಮೂರನೆಯ ದಿನ ಮುನಿಯಕ್ಕ ಒಬ್ಬಳೇ ಬಸ್ಸಿನಲ್ಲಿ ಬಂದಳು. ಎಡಗೈಯಲ್ಲಿ ರಾಗಿ ಗಂಜಿಯ ಡಬ್ಬಿ. ಬಲಗೈಯನ್ನು ಎದೆಯ ಮುಂದೆ ಎತ್ತಿ ಹಿಡಿದಿದ್ದಳು, ಹೆಬ್ಬೆರಳು ತೋರುಬೆರಳುಗಳು ಚೂರು ಬಿಡಿಸಿಕೊಂಡು ಬಿಗಿಯಾಗಿ ನಿಂತಿದ್ದವು. ನಲ್ಲಪ್ಪ ಗಾಬರಿಯಾದ. “ಏನಾಯ್ತವ್ವಾ ಕೈಗೆ? ಉಳುಕ್ತಾ?”

“ಸುಮ್ಕಿರೋ, ಮಾತಾಡಿಸ್ಬೇಡ, ಅಳತೆ ತಪ್ಪೋಯ್ತದೆ,” ಎಂದು ಮುದುಕಿ ನೇರ ಮಂಚದ ಹತ್ತಿರ ಹೋದಳು. “ಇಕಾ ಭಾಗ್ಯ. ಬೆಳಿಗ್ಗೆ ಗೋಡೆ ಮ್ಯಾಲೆ ಅಸ್ರುದು ಬಂದು ಕುಂತಿತ್ತು, ಡಬ್ಬೀಲಿ ಐತಲ್ಲ ಅಂಥದ್ದೇ. ರೆಕ್ಕೆ ಇಷ್ಟುದ್ದ ಇತ್ತು. ನಿನ್ ಕಬ್ಣ ಕೆಡಿಸಿದ್ನಲ್ಲ, ಅದ್ಕೇ ಬೆರಳಲ್ಲೇ ಇಡ್ಕಂಡ್ ಬಂದಿವ್ನಿ. ಕಂಡಕ್ಟ್ರು ‘ಅಜ್ಜೀ, ಕಂಬಿ ಇಡ್ಕೋ’ ಅಂತ ಬೈತಾನೆ ಇದ್ದ. ಕೈ ಖಾಲಿ ಇಲ್ಲಪ್ಪಾ ಅಂದೆ.”

ಬೇಗೂರಿನಿಂದ ಆಸ್ಪತ್ರೆಯವರೆಗೆ ಮುದುಕಿಯ ಬೆರಳುಗಳ ಸಂದು ಎಷ್ಟು ಸಲ ಹಿಗ್ಗಿತ್ತೋ, ಎಷ್ಟು ಸಲ ಕುಗ್ಗಿತ್ತೋ. ಭಾಗ್ಯಮ್ಮ ಬ್ಯಾಂಡೇಜಿಲ್ಲದ ಕೈಯನ್ನು ಎತ್ತಿ, ಆ ಬೆರಳುಗಳನ್ನು ಇಡಿಯಾಗಿ ತನ್ನ ಅಂಗೈಯಲ್ಲಿ ಹಿಡಿದುಕೊಂಡಳು.

“ಪಾಸ್ ಅತ್ತೆ,” ಎಂದಳು. “ಈಗ ಕೈ ಇಳಿಸಿ.”