ವುಡ್‌ಲ್ಯಾಂಡ್ಸ್‌ನ ಕಬ್ಬಿಣದ ಮಂಟಪ

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಸಿಂಗಾಪುರದ ತಂಗಿಯ ಮನೆಯಲ್ಲಿ ಎಂಟು ದಿನ ಉಂಡು ಬಂದಿದ್ದೇನೆ, ಆದರೂ ಎಣಿಸುತ್ತೇನೆ.

2007ರ ಸೆಪ್ಟೆಂಬರ್‌ನ ಒಂದು ಶುಕ್ರವಾರ ಬೆಳಿಗ್ಗೆ ಚಾಂಗಿಯಲ್ಲಿ ಇಳಿದೆ. ವುಡ್‌ಲ್ಯಾಂಡ್ಸ್‌ವರೆಗೆ ಟ್ಯಾಕ್ಸಿಗೆ ಇಪ್ಪತ್ತಮೂರು ಡಾಲರ್. ದಾರಿಯುದ್ದಕ್ಕೂ ಕ್ರೇನುಗಳು, ಅರ್ಧ ಎದ್ದ ಕಟ್ಟಡಗಳು. ತಂಗಿಯ ಗಂಡ ನಾಗೇಶ್ ಬ್ಯಾಂಕಿನಲ್ಲಿದ್ದಾರೆ. ಅವರ ಬ್ಲಾಕಿನ ಕೆಳಗೆ ಗೋಡೆಗಳಿಲ್ಲದ ನೆಲಮಹಡಿ; ಅದಕ್ಕೆ ವಾಯ್ಡ್ ಡೆಕ್ ಎನ್ನುತ್ತಾರೆ. ಮಲಯರ ಮದುವೆ, ಚೀನೀಯರ ಸಾವಿನ ವಿಧಿ, ಮುದುಕರ ಚದುರಂಗ ಎಲ್ಲ ಅಲ್ಲೇ. ಭಾನುವಾರಕ್ಕೆ ಅದನ್ನು ಸುತ್ತಲಿನ ಕನ್ನಡದವರು ಗಣೇಶನಿಗಾಗಿ ಬುಕ್ ಮಾಡಿದ್ದರು.

ಅಂದು ಬೆಳಿಗ್ಗೆ ಏಳು ಗಂಟೆಗೆ ಒಂದು ಲಾರಿ ಬಂತು. ಹಿಂದುಗಡೆ ಕಬ್ಬಿಣದ ಸರಳುಗಳ ನಡುವೆ ಮುದುಡಿ ಕೂತಿದ್ದ ಮೂವರು ಇಳಿದರು, ನೀಲಿ ಯೂನಿಫಾರ್ಮಿನವರು. ಹಿರಿಯವನು ಕುಂದಾಪುರ ಕಡೆಯ ಶೇಖರ, ನಲವತ್ತರ ಆಸುಪಾಸು, ಟುವಾಸ್‌ನ ಶಿಪ್‌ಯಾರ್ಡಿನಲ್ಲಿ ವೆಲ್ಡರ್. ಹಡಗುಗಳ ಆರ್ಡರ್ ತುಂಬಿದ್ದರಿಂದ ತಿಂಗಳಿಗೆ ಎರಡೇ ಭಾನುವಾರ ರಜೆ. ಅಂಥ ನಾಲ್ಕು ರಜೆ ಕಳೆದು ಮಂಟಪ ಮಾಡಿದ್ದ. ಕಮಾನು, ಬಳ್ಳಿ, ಎರಡು ನವಿಲು, ಎಲ್ಲ ಕಬ್ಬಿಣದ್ದು. ಬೆಸುಗೆ ಎಲ್ಲಿದೆಯೆಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ.

ಪೂಜೆಯಾಯಿತು, ನನ್ನ ಕ್ಯಾಮೆರಾದಲ್ಲಿ ಫೋಟೋಗಳೂ ಆದವು. ಅತಿಥಿಯೆಂದು ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದರು. ಶೇಖರ ಮತ್ತು ಜೊತೆಯವರ ಕೈಗೆ ಪೊಟ್ಟಣ ಕೊಟ್ಟು ಲಾರಿಯ ಹತ್ತಿರ ತಿನ್ನಲು ಹೇಳಿದರು. ಯಾಕೆಂದು ನಾಗೇಶರನ್ನು ಕೇಳಿದೆ.

“ಭಾವ, ಸುಮ್ನೆ ಇಶ್ಯೂ ಮಾಡ್ಬೇಡಿ. ಅವ್ರಿಗೆ ಪಾರ್ಸೆಲ್ ಕೊಟ್ಟಿದೀವಲ್ಲ, ಸೀಟಿಂಗ್ ಅರೇಂಜ್ ಮಾಡಿರೋದು ಫ್ಯಾಮಿಲಿಗಳಿಗೆ.”

“ಅವ್ರು ವರ್ಕರ್ಸ್ ಲಾ, ಮಾಮ” ಎಂದು ಅವರ ಹತ್ತು ವರ್ಷದ ಮಗಳು ಸಿಂಗಾಪುರದವರ ‘ಲಾ’ ಸೇರಿಸಿ ನನಗೆ ಬುದ್ಧಿ ಹೇಳಿದಳು.

ಮೈ ಉರಿಯಿತು. ಬ್ಲಾಕಿನ ಚೀನೀ ಅಜ್ಜಿಯೊಬ್ಬರು ಲಾರಿಯವರೆಗೆ ಹೋಗಿ ಆ ಮೂವರಿಗೆ ನೀರು ಕೊಟ್ಟು ಬಂದರು. ಊರಿನಲ್ಲಿ ಪಂಕ್ತಿಭೇದದ ವಿರುದ್ಧ ಭಾಷಣ ಬಿಗಿಯುವ ನಾವು ವಿಮಾನ ಹತ್ತುವಾಗ ಅದನ್ನೂ ಕಟ್ಟಿಕೊಂಡು ಹೋಗಿದ್ದೇವೆ. ಆದರೂ ನಾನು ಎಲೆ ಬಿಟ್ಟು ಏಳಲಿಲ್ಲ. ಹೋಳಿಗೆಯನ್ನೂ ತಿಂದೆ. ಸಂಜೆ ಮಂಟಪವನ್ನು ಬಿಚ್ಚಿ, ಮುಂದಿನ ವರ್ಷಕ್ಕೆಂದು ಸಾಗಿಸಿದರು.

ಸೋಮವಾರ ಕ್ಷಮೆ ಕೇಳಲು ಒಬ್ಬನೇ ಟುವಾಸ್‌ಗೆ ಹೊರಟೆ. ಬೂನ್ ಲೇವರೆಗೆ ಎಂಆರ್‌ಟಿ ರೈಲು, ಅಲ್ಲಿಂದ ಬಸ್ಸು. ಒಂದೂವರೆ ಗಂಟೆಯ ದಾರಿ. ನೆತ್ತಿ ಸುಡುವ ಬಿಸಿಲು. ಶಿಪ್‌ಯಾರ್ಡಿನ ಗೇಟಿನೆದುರು ಮರದ ಕೆಳಗೆ ರಟ್ಟು ಹಾಸಿ ಊಟಕ್ಕೆ ಕೂತಿದ್ದ ಶೇಖರ ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟ. ಡಬ್ಬಿಯ ಮುಚ್ಚಳಕ್ಕೆ ಅರ್ಧ ಅನ್ನ ಹಾಕಿ ಮುಂದಿಟ್ಟ. ನಾಗೇಶರನ್ನೂ ಅವರ ಬಳಗವನ್ನೂ ನಾನು ಬಾಯಿತುಂಬ ಬೈದೆ. ಅವನು ಕೇಳಿಸಿಕೊಂಡ.

“ಊಟದ್ದು ಬಿಡಿ ಸರ್. ನಿಮ್ಮ ಕ್ಯಾಮೆರಾದಲ್ಲಿ ಮಂಟಪದ ಜೊತೆ ನಂದೊಂದು ಫೋಟೋ ಇದ್ಯಾ? ಅಮ್ಮ ಆರು ವರ್ಷದಿಂದ ಕೇಳ್ತಾ ಇದ್ದಾರೆ, ಅಲ್ಲಿ ಏನ್ ಕೆಲಸ ಮಾಡ್ತೀಯ ಅಂತ. ಶಿಪ್‌ಯಾರ್ಡ್ ಒಳಗೆ ಕ್ಯಾಮೆರಾ ಬಿಡಲ್ಲ.”

ಇದ್ದೇ ಇರುತ್ತದೆ ಎಂದೆ. ಅಮ್ಮನ ವಿಳಾಸವನ್ನು ನನ್ನ ಡೈರಿಯಲ್ಲಿ ಬರೆದುಕೊಟ್ಟ.

ಹಿಂತಿರುಗುವ ಬಸ್ಸಿನಲ್ಲಿ ಒಂದೊಂದೇ ಫೋಟೋ ನೋಡಿದೆ. ಎಲ್ಲದರಲ್ಲೂ ಮಂಟಪವಿತ್ತು, ಒಂದರಲ್ಲೂ ಶೇಖರನ ಮುಖವಿಲ್ಲ. ಆಗ ನೆನಪಾಯಿತು. ಗುಂಪಿನ ಫೋಟೋ ತೆಗೆಯುವಾಗ, ಕಂಬ ಹಿಡಿದು ನಿಂತಿದ್ದ ಅವನಿಗೆ “ಸ್ವಲ್ಪ ಪಕ್ಕಕ್ಕೆ ಸರಿಯಪ್ಪ” ಎಂದವನು ನಾನೇ. ಆ ಫೋಟೋದ ಅಂಚಿನಲ್ಲಿ ಒಂದು ನೀಲಿ ತೋಳು ಉಳಿದಿತ್ತು.

ಊರಿಗೆ ಬಂದ ಮೇಲೆ ಅದನ್ನೇ ಪ್ರಿಂಟ್ ಹಾಕಿಸಿ ಕುಂದಾಪುರಕ್ಕೆ ಕಳಿಸಿದೆ. ಹಿಂಬದಿಯಲ್ಲಿ ಬರೆದೆ: “ಅಮ್ಮಾ, ಈ ಮಂಟಪ ಮಾಡಿದ್ದು ನಿಮ್ಮ ಮಗ. ಅಂಚಿನಲ್ಲಿರುವ ತೋಳು ಅವರದು. ಪಕ್ಕಕ್ಕೆ ಸರಿಸಿದವನು ನಾನು.”